ಹುದ್ದೆ ಒಂದು, ಅವಧಿ ಎರಡು ವರ್ಷ

ಖಗೋಳವಿಜ್ಞಾನದಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ನೇಮಕಾತಿ ಪ್ರಕಟಣೆಯ ಒಕ್ಕಣೆ ಬಾಯಿಪಾಠವಾಗಿರುತ್ತದೆ. ಜೂನಿಯರ್ ರಿಸರ್ಚ್ ಫೆಲೋ, ಹುದ್ದೆ ಒಂದು. ಸಂಪೂರ್ಣ ತಾತ್ಕಾಲಿಕ, ಯೋಜನೆ ಮುಗಿದೊಡನೆ ಹುದ್ದೆಯೂ ಮುಗಿಯುತ್ತದೆ, ಕಾಯಂ ಮಾಡಿ ಎಂದು ಕೇಳುವ ಹಕ್ಕಿಲ್ಲ. ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ವಯಸ್ಸು 28 ದಾಟಿರಬಾರದು. ನೆಟ್ ಅಥವಾ ಗೇಟ್ ಪಾಸಾಗಿರಬೇಕು. ಸಂದರ್ಶನಕ್ಕೆ ಬಂದುಹೋಗುವ ಖರ್ಚು ಅಭ್ಯರ್ಥಿಯದೇ.

ಇಷ್ಟು ಓದಿದ ಮೇಲೂ ಮುಖ್ಯವಾದದ್ದು ಗೊತ್ತಾಗುವುದಿಲ್ಲ. ಈ ಕೆಲಸ ಮಾಡುತ್ತಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಬಹುದೇ? ಹಣ ತಡವಾಗಿ ಬಿಡುಗಡೆಯಾದರೆ ಆ ತಿಂಗಳುಗಳ ಗತಿ ಏನು? ಇದೇ ಗುಂಪಿನಲ್ಲಿ ಹಿಂದೆ ಇದ್ದವರು ಈಗ ಎಲ್ಲಿದ್ದಾರೆ? ಪ್ರಕಟಣೆ ಅರ್ಹತೆಯನ್ನು ಸಾಲು ಸಾಲಾಗಿ ಕೇಳುತ್ತದೆ, ತನ್ನ ಕಡೆಯಿಂದ ಹೇಳಬೇಕಾದ್ದನ್ನು ಮಾತ್ರ ಹೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಈ ರೂಢಿಯನ್ನು ತೂಗಿ ನೋಡಲು ಹೈದರಾಬಾದಿಗಿಂತ ತಕ್ಕ ಊರಿಲ್ಲ. ದೇಶದ ವೃತ್ತಿನಿರತ ಖಗೋಳವಿಜ್ಞಾನಿಗಳ ಸಂಘಟನೆಯಾದ ಅಸ್ಟ್ರೊನಾಮಿಕಲ್ ಸೊಸೈಟಿ ಆಫ್ ಇಂಡಿಯಾ 1972ರಲ್ಲಿ ಹುಟ್ಟಿದ್ದು ಇಲ್ಲಿ. ಅದರ ನೋಂದಣಿ ವಿಳಾಸ ಉಸ್ಮಾನಿಯಾ ವಿಶ್ವವಿದ್ಯಾಲಯದ ಖಗೋಳ ವಿಭಾಗದ್ದು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಿಗೂ ಇದು ಪರವೂರಲ್ಲ. ನಿಜಾಮರ ಕಾಲದಲ್ಲಿ ಆ ಜಿಲ್ಲೆಗಳ ಮಕ್ಕಳು ಪದವಿ ಓದಬೇಕಿದ್ದರೆ ಸಾಮಾನ್ಯವಾಗಿ ಹೊರಡುತ್ತಿದ್ದದ್ದು ಹೈದರಾಬಾದಿಗೆ. ಇಂದಿಗೂ ಬೀದರಿನವರಿಗೆ ಬೆಂಗಳೂರಿಗಿಂತ ಹತ್ತಿರದ ಊರು ಅದು.

ಇಲ್ಲಿ ಖಗೋಳದ ಕೆಲಸ ಎಂಬುದು ಒಂದು ಕಾಲಕ್ಕೆ ಹೇಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಇಂಗ್ಲೆಂಡಿನಿಂದ 15 ಇಂಚಿನ ಗ್ರಬ್ ದೂರದರ್ಶಕ ತರಿಸಿ 1901ರಲ್ಲಿ ಖಾಸಗಿ ವೀಕ್ಷಣಾಲಯ ಕಟ್ಟಿದರು. ಅವರು ತೀರಿಕೊಂಡ ಮೇಲೆ, 1908ರಲ್ಲಿ, ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯಕ್ಕೆ ಸಿಕ್ಕ ದೊಡ್ಡ ಕೆಲಸ ಆಕಾಶದ ಅಂತರರಾಷ್ಟ್ರೀಯ ನಕ್ಷೆಯದು. ಪ್ಯಾರಿಸ್ಸಿನಲ್ಲಿ ಶುರುವಾದ ಆ ಯೋಜನೆಯಲ್ಲಿ ಇಡೀ ಆಕಾಶವನ್ನು ಪಟ್ಟಿಗಳಾಗಿ ಸೀಳಿ, ಒಂದೊಂದನ್ನು ಒಂದೊಂದು ವೀಕ್ಷಣಾಲಯಕ್ಕೆ ಹಂಚಿದ್ದರು. ಚಿಲಿಯ ಸಾಂಟಿಯಾಗೊ ಮುಗಿಸಲಾಗದ ದಕ್ಷಿಣದ 17ರಿಂದ 23 ಡಿಗ್ರಿಯ ಪಟ್ಟಿ ಹೈದರಾಬಾದಿಗೆ ಬಂತು. ಅದಾದ ಮೇಲೆ, ಜರ್ಮನಿಯ ಪಾಟ್ಸ್‌ಡಾಮ್ ಕೈಬಿಟ್ಟಿದ್ದ ಉತ್ತರದ 36ರಿಂದ 39 ಡಿಗ್ರಿಯದೂ ಬಂತು.

ರಾತ್ರಿ 8 ಇಂಚಿನ ಕುಕ್ ದೂರದರ್ಶಕದಲ್ಲಿ ಗಾಜಿನ ಫಲಕದ ಮೇಲೆ ಚಿತ್ರ ತೆಗೆಯಬೇಕು. ಒಂದು ಫಲಕದಲ್ಲಿ ಆಕಾಶದ ಎರಡು ಡಿಗ್ರಿ ಉದ್ದ, ಎರಡು ಡಿಗ್ರಿ ಅಗಲ. ಒಂದು ಮಿಲಿಮೀಟರಿಗೆ ಒಂದು ಕೋನ ನಿಮಿಷ. ಅದೇ ಫಲಕದ ಮೇಲೆ ಸಣ್ಣ ಚೌಕಗಳ ಜಾಲ ಮೂಡಿಸಿರುತ್ತಾರೆ. ಹಗಲು ಅದನ್ನು ಅಳತೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಪ್ರತಿ ನಕ್ಷತ್ರದ ಕಪ್ಪು ಚುಕ್ಕೆ ಜಾಲದ ಗೆರೆಯಿಂದ ಎಷ್ಟು ದೂರ, ಎಷ್ಟು ದಪ್ಪ ಎಂದು ಓದಬೇಕು, ಬರೆದಿಡಬೇಕು, ಲೆಕ್ಕ ಹಾಕಬೇಕು. ಮೊದಲ ನಿರ್ದೇಶಕ ಚಾಟ್‌ವುಡ್, ಅವರ ನಂತರದ ಪೊಕಾಕ್, 1918ರಿಂದ 1944ರವರೆಗೆ ಟಿ.ಪಿ. ಭಾಸ್ಕರನ್, ಹೀಗೆ ಮೂವರ ಕಾಲದಲ್ಲಿ ಇದು ನಡೆಯಿತು. ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನಗಳು 12 ಸಂಪುಟಗಳಲ್ಲಿ ಅಚ್ಚಾದವು. ಆ ಅಳತೆ ವ್ಯರ್ಥವಾಗಲಿಲ್ಲ. 2000ದಲ್ಲಿ ಬಂದ ಟೈಕೊ-2 ಪಟ್ಟಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ಕೊಟ್ಟಿತು. ಹಿಪ್ಪಾರ್ಕಸ್ ಉಪಗ್ರಹ ಕಂಡ ಸ್ಥಾನಗಳನ್ನು ಈ ಹಳೆಯ ಫಲಕಗಳ ಸ್ಥಾನಗಳ ಜೊತೆ ಹೋಲಿಸಿದ್ದರಿಂದ ಅದು ಸಾಧ್ಯವಾಯಿತು. ಬೇಗಂಪೇಟೆಯಲ್ಲಿ ಕೂತು ಚುಕ್ಕೆ ಅಳೆದವರ ಹೆಸರು ಯಾವ ಪ್ರಬಂಧದ ತಲೆಯಲ್ಲೂ ಇಲ್ಲ. ಆದರೆ ದಶಕಗಟ್ಟಲೆ ನಡೆಯುವ ಕೆಲಸಕ್ಕೆ ದಶಕಗಟ್ಟಲೆ ಉಳಿಯುವ ವೀಕ್ಷಣಾಲಯ ಬೇಕು ಎಂಬುದನ್ನು ಆ ಸಂಸ್ಥೆ ಅರಿತಿತ್ತು.

ಆ ನೆಲೆಯಿಂದಲೇ ವೇಣು ಬಪ್ಪು ಬಂದರು. ತಂದೆ ನಿಜಾಮಿಯಾದಲ್ಲಿ ಉದ್ಯೋಗಿ. ಮಗ ನಿಜಾಮ್ ಕಾಲೇಜಿನ ವಿದ್ಯಾರ್ಥಿ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡಿಗೆ ಹೋದವರು. 1949ರಲ್ಲಿ ಅಲ್ಲಿ ಧೂಮಕೇತು ಕಂಡುಹಿಡಿದರು. ಹಿಂದಿರುಗಿದ ಮೇಲೆ ನೈನಿತಾಲ್, ಕೊಡೈಕನಾಲ್, ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಖಗೋಳ ಸಂಘದ ಮೊದಲ ಅಧ್ಯಕ್ಷರೂ ಅವರೇ. ಅವರ ಹಾದಿಯಲ್ಲಿ ದೇಶದ ಖಗೋಳದ ಉದ್ಯೋಗವೂ ಸಾಗಿತು. ಬೆಂಗಳೂರು, ಪುಣೆ, ನೈನಿತಾಲ್‌ಗಳ ಕೇಂದ್ರೀಯ ಸಂಸ್ಥೆಗಳು ಬೆಳೆದವು, ವಿಶ್ವವಿದ್ಯಾಲಯಗಳು ಹಿಂದೆ ಬಿದ್ದವು.

ಉಸ್ಮಾನಿಯಾ ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1959ರಲ್ಲಿ ಖಗೋಳಕ್ಕೆಂದೇ ವಿಭಾಗ, 1964ರಲ್ಲಿ ಯುಜಿಸಿಯಿಂದ ಉನ್ನತ ಅಧ್ಯಯನ ಕೇಂದ್ರದ ಮಾನ್ಯತೆ, 1968ರಲ್ಲಿ ಜಪಾಲ್-ರಂಗಾಪುರದಲ್ಲಿ 48 ಇಂಚಿನ ದೂರದರ್ಶಕ. ಆಗ ದೇಶದಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ, ರಾಯಚೂರು ಸೀಮೆಗಳನ್ನು ದಾಟಿ ರಂಗಾಪುರದ ಮೇಲೂ ಹಾದುಹೋಯಿತು. ಕೆ.ಡಿ. ಅಭ್ಯಂಕರ್ ಅವರಂಥ ಅಧ್ಯಾಪಕರು ಇಲ್ಲಿ ಒಂದು ತಲೆಮಾರನ್ನೇ ತಯಾರು ಮಾಡಿದರು. ಮುಂದೆ ನಗರದ ಬೆಳಕು ರಂಗಾಪುರದ ಇರುಳನ್ನು ಕೆಡಿಸಿತು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರ ನೇಮಕಾತಿ ವರ್ಷಗಟ್ಟಲೆ ನಿಂತೇ ಹೋಯಿತು. ಮೊದಲನೆಯದಕ್ಕಿಂತ ಎರಡನೆಯದು ಮಾಡಿದ ಹಾನಿಯೇ ಹೆಚ್ಚು ಎಂದು ನನ್ನ ಅನಿಸಿಕೆ. ದೂರದರ್ಶಕವನ್ನು ಬೇರೆ ಬೆಟ್ಟಕ್ಕೆ ಒಯ್ಯಬಹುದು. ಮೇಷ್ಟರಿಲ್ಲದ ವಿಭಾಗದಲ್ಲಿ ವಿದ್ಯಾರ್ಥಿಗಳು ಯಾರ ಹತ್ತಿರ ಹೋಗಬೇಕು? ಬೇಗಂಪೇಟೆಯ ನಿಜಾಮಿಯಾ ಆವರಣದಲ್ಲಿ ಈಗ ಇರುವುದು ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಅಧ್ಯಯನ ಕೇಂದ್ರ.

ಇನ್ನು ಸಂಘದ ವಿಚಾರ. ಅದರ ವಾರ್ಷಿಕ ಸಮ್ಮೇಳನ ತರುಣ ಸಂಶೋಧಕರಿಗೆ ನಿಜವಾಗಿ ಉಪಯುಕ್ತ. ಪಿಎಚ್.ಡಿ. ಮುಗಿಸುತ್ತಿರುವವರು ಇಡೀ ಸಮುದಾಯದ ಮುಂದೆ ನಿಂತು ತಮ್ಮ ಕೆಲಸ ಹೇಳುತ್ತಾರೆ. ಒಳ್ಳೆಯ ಪ್ರಬಂಧಕ್ಕೆ ಪ್ರಶಸ್ತಿಯೂ ಉಂಟು. ಮಹಿಳೆಯರ ಸ್ಥಿತಿಗತಿ ನೋಡಿಕೊಳ್ಳಲು 2015ರಲ್ಲೇ ಪ್ರತ್ಯೇಕ ಕಾರ್ಯಗುಂಪು ರಚಿಸಿದ ಹೆಗ್ಗಳಿಕೆ ಅದರದು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿಗಳು ಸೇರಿ ಲಿಂಗ ಸಮಾನತೆಯ ಬಗ್ಗೆ ಚರ್ಚಿಸಿದರು. ಅದರಿಂದ ಹೊಮ್ಮಿದ ಸನ್ನದಿಗೆ ಈ ಊರಿನದೇ ಹೆಸರು. ಒಳ್ಳೆಯ ದಾಖಲೆ ಅದು. ಆದರೆ 28ರ ವಯೋಮಿತಿ ಹಾಕಿದ ಪ್ರಕಟಣೆಗಳು ಇನ್ನೂ ಬರುತ್ತಲೇ ಇವೆ. ಮದುವೆ, ಹೆರಿಗೆ, ಮನೆಯವರ ಆರೈಕೆ ಎಂದು ಎರಡು ವರ್ಷ ಕಳೆದುಕೊಂಡ ಹುಡುಗಿಗೆ, ವಯಸ್ಸಿನ ಸಡಿಲಿಕೆ ಇಲ್ಲದ ಕಡೆ, ಆ ಒಂದು ಸಾಲೇ ಬಾಗಿಲು ಹಾಕಿಬಿಡುತ್ತದೆ.

ಅಮೆರಿಕದ ಖಗೋಳ ಸಂಘ ಉದ್ಯೋಗಗಳ ಪಟ್ಟಿ ಹೊರಡಿಸುವುದರ ಜೊತೆಗೆ ಒಂದು ನಿಯಮವನ್ನೂ ಪಾಲಿಸುವಂತೆ ಕೇಳಿಕೊಳ್ಳುತ್ತದೆ. ಪೋಸ್ಟ್‌ಡಾಕ್ ಹುದ್ದೆ ಕೊಡುವವರು ಫೆಬ್ರವರಿ 15ಕ್ಕೆ ಮೊದಲು ಉತ್ತರ ಕೊಡಿ ಎಂದು ಅಭ್ಯರ್ಥಿಯನ್ನು ಒತ್ತಾಯಿಸುವಂತಿಲ್ಲ. ಬಂದ ಅವಕಾಶಗಳನ್ನೆಲ್ಲ ಮುಂದಿಟ್ಟುಕೊಂಡು ಆರಿಸಿಕೊಳ್ಳಲು ಇದರಿಂದ ಸಮಯ ಸಿಗುತ್ತದೆ. ಸುದ್ದಿ ಹಂಚುವ ಸಂಘ ಸುದ್ದಿಯ ಗುಣಮಟ್ಟಕ್ಕೂ ಹೊಣೆ ಹೊರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅವಧಿ, ವಿಸ್ತರಣೆಯ ಸಾಧ್ಯತೆ, ಪಿಎಚ್.ಡಿ. ನೋಂದಣಿ ಮತ್ತು ಹಿಂದಿನ ಫೆಲೋಗಳ ಈಗಿನ ಕೆಲಸ, ಈ ನಾಲ್ಕನ್ನು ಬರೆಯದ ಪ್ರಕಟಣೆಯನ್ನು ಸದಸ್ಯರಿಗೆ ಕಳಿಸುವುದಿಲ್ಲ ಎಂದು ನಮ್ಮ ಸಂಘವೂ ಹೇಳಬಹುದು. ಇದಕ್ಕೆ ದುಡ್ಡು ಬೇಕಿಲ್ಲ.

ಇನ್ನೊಂದು ಕೊರತೆ, ಖಗೋಳ ಕಲಿತವರು ಹೊರಗೆ ಹೋಗುವ ದಾರಿಗಳ ಬಗೆಗಿನ ಮೌನ. ಹೈದರಾಬಾದಿನಲ್ಲೇ ಬಾಲಾನಗರದ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. 2022ರ ನವೆಂಬರಿನಲ್ಲಿ ವಿಕ್ರಮ್-ಎಸ್ ರಾಕೆಟ್ ಹಾರಿಸಿದ ಸ್ಕೈರೂಟ್ ಇದೆ. ಉಪಗ್ರಹ ಕಟ್ಟುವ ಧ್ರುವ ಸ್ಪೇಸ್ ಇದೆ. ನೌಬತ್ ಪಹಾಡದ ಮೇಲೆ 1985ರಿಂದ ಬಿರ್ಲಾ ತಾರಾಲಯವಿದೆ. ಮಸುಕು ಚಿತ್ರದಿಂದ ಅಳತೆ ತೆಗೆಯುವ, ಗದ್ದಲದ ದತ್ತಾಂಶದಲ್ಲಿ ಸಣ್ಣ ಸಂಕೇತ ಹುಡುಕುವ ಕೌಶಲ ಇಂಥ ಕಡೆಗಳಲ್ಲಿ ಬೇಕಾದದ್ದೇ. ಆದರೂ ವಿಭಾಗಗಳ ಮಾತುಕತೆಯಲ್ಲಿ ಸಂಶೋಧನೆ ಬಿಟ್ಟವರು ಸೋತವರಂತೆ ಕಾಣುತ್ತಾರೆ, ಅವರ ಅನುಭವ ಕಿರಿಯರಿಗೆ ತಲುಪುವುದೇ ಇಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರಿಗೆ ಈ ಮೌನದ ಪೆಟ್ಟು ಎಲ್ಲರಿಗಿಂತ ಜೋರಾಗಿ ಬೀಳುತ್ತದೆ. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ ಉಸ್ಮಾನಿಯಾದ ಎಂ.ಎಸ್ಸಿ. ಬಗ್ಗೆ ವಿಚಾರಿಸುವ ವಿದ್ಯಾರ್ಥಿನಿಯ ತಂದೆ ಕೇಳುವುದು ಒಂದೇ ಮಾತು: ಇದು ಓದಿದರೆ ಮುಂದೇನು? ಅದಕ್ಕೆ ಕೊಡಲು ಅವಳ ಕೈಯಲ್ಲಿ ಒಂದು ಹಾಳೆಯಾದರೂ ಇರಬೇಕು.

ಗುರುತ್ವ ತರಂಗಗಳ ವೀಕ್ಷಣಾಲಯವಾದ ಲೈಗೊ-ಇಂಡಿಯಾಕ್ಕೆ 2023ರಲ್ಲಿ 2,600 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿತು. ಎಸ್‌ಕೆಎ ರೇಡಿಯೊ ದೂರದರ್ಶಕದ ಪಾಲಿಗೆ ಅದಾದ ಕೆಲವೇ ತಿಂಗಳಲ್ಲಿ 1,250 ಕೋಟಿ. ಎರಡೂ ದಶಕಗಳ ಕೆಲಸ, ನಿಜಾಮಿಯಾದ ನಕ್ಷೆಯ ಹಾಗೆ. ಇವನ್ನು ಎರಡು ವರ್ಷದ ಹುದ್ದೆಗಳಿಂದ ನಡೆಸುತ್ತೇವೆ ಎಂದರೆ ನಾನು ಒಪ್ಪಲಾರೆ. ಸಂಘ ಪ್ರತಿ ವಾರ್ಷಿಕ ಸಮ್ಮೇಳನದಲ್ಲಿ, ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಖಗೋಳಕ್ಕೆ ಮಂಜೂರಾದ ಕಾಯಂ ಹುದ್ದೆಗಳೆಷ್ಟು, ಖಾಲಿ ಎಷ್ಟು, ಎಷ್ಟು ವರ್ಷದಿಂದ ಖಾಲಿ ಎಂಬ ಪಟ್ಟಿ ಹೊರಡಿಸಲಿ. ಆ ಪಟ್ಟಿ ತನ್ನದೇ ನೋಂದಣಿ ವಿಳಾಸವಾದ ಉಸ್ಮಾನಿಯಾದ ವಿಭಾಗದಿಂದ ಶುರುವಾಗಲಿ.