ಸೆರೆಶಿಬಿರದ ಆಟ: ಬಳ್ಳಾರಿಯ ಬೋಯರ್ ಬಂದಿಗಳ ನೆಪದಲ್ಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಚರಿತ್ರೆಯಲ್ಲಿ ‘ಶಿಬಿರ’ ಎಂದೊಡನೆ ನೆನಪಾಗುವುದು 1947-48ರ ಮುಂಡರಗಿ ಶಿಬಿರ. ನಿಜಾಮನ ಆಳ್ವಿಕೆಯ ವಿರುದ್ಧ ಜನ ತಾವಾಗಿಯೇ ಕೂಡಿದ ತಾಣವದು. ಅದಕ್ಕೆ ಅರ್ಧ ಶತಮಾನದ ಹಿಂದೆ ತುಂಗಭದ್ರೆಯ ಆಚೆ, ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ, ಬೇರೊಂದು ಬಗೆಯ ಶಿಬಿರವಿತ್ತು. ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ (1899-1902) ಸೆರೆಸಿಕ್ಕ ಬೋಯರರಲ್ಲಿ ಸುಮಾರು 9,000 ಮಂದಿಯನ್ನು ಬ್ರಿಟಿಷರು ಭಾರತಕ್ಕೆ ಸಾಗಿಸಿದರು. ಅವರನ್ನಿರಿಸಿದ ಊರುಗಳಲ್ಲಿ ಬಳ್ಳಾರಿಯೂ ಒಂದು. ನದಿಯೇ ಗಡಿಯಾಗಿದ್ದುದರಿಂದಲೋ ಏನೋ, ಈ ದಡದ ಚರಿತ್ರೆಕಾರರು ಅತ್ತ ಹೆಚ್ಚು ನೋಡಿಲ್ಲ.

ಇಂಥ ಶಿಬಿರಗಳ ಆಟೋಟಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಸಿಂಹಳದ ದಿಯತಲಾವವನ್ನು ಉದಾಹರಿಸುತ್ತವೆ. 1901ರ ಜುಲೈಯಲ್ಲಿ ಅಲ್ಲಿನ ಬೋಯರ್ ಬಂದಿಗಳು ಕೊಲಂಬೊಗೆ ಬಂದು ಕೋಲ್ಟ್ಸ್ ಕ್ಲಬ್ಬಿನೊಡನೆ ಕ್ರಿಕೆಟ್ ಆಡಿ ಸೋತರು. ಸೆರೆಯಲ್ಲಿ ಆಟವು ಧೃತಿಯನ್ನು ಕಾಯಿತೆಂಬ ಮಾತು ಸುಳ್ಳಲ್ಲ. ಬಿಡುಗಡೆಯ ದಿನ ತಿಳಿಯದವರಿಗೆ ಮುಂದಿನ ಪಂದ್ಯದ ದಿನವಾದರೂ ತಿಳಿದಿರುತ್ತದೆ. ಆದರೆ ಅದೇ ವರ್ಷ ದಕ್ಷಿಣ ಆಫ್ರಿಕಾದ ಶಿಬಿರಗಳಲ್ಲಿ ಬೋಯರ್ ಹೆಂಗಸರೂ ಮಕ್ಕಳೂ ದಡಾರ, ಆಮಶಂಕೆಗಳಿಂದ ಸಾಯುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಸತ್ತವರು 26,000ಕ್ಕೂ ಹೆಚ್ಚು. ಪಂದ್ಯಕ್ಕೆ ಅನುಮತಿಯಿತ್ತದ್ದೂ ಆ ಶಿಬಿರಗಳನ್ನು ನಡೆಸಿದ್ದೂ ಒಂದೇ ಸಾಮ್ರಾಜ್ಯ. ಆಟವನ್ನು ಮಾತ್ರ ಹೊಗಳುವ ಬರಹಗಳು ಈ ಸಂಗತಿಯನ್ನು ಮರೆಯುತ್ತವೆ. ಬಳ್ಳಾರಿಯ ಶಿಬಿರವನ್ನು ಶೋಧಿಸುವವರು ಮೈದಾನಕ್ಕಿಂತ ಮೊದಲು ಅರಸಬೇಕಾದದ್ದು ಬಂದಿಗಳಿಗೆ ಮನೆಯಿಂದ ಬಂದ ಕಾಗದಗಳನ್ನು.