ಹ್ಯೂಯೆನ್ ತ್ಸಾಂಗನ ಗ್ರಂಥದಲ್ಲಿ ಕನ್ನಡ ನಾಡು

ಇಮ್ಮಡಿ ಪುಲಕೇಶಿಯ ಹೆಸರನ್ನೆತ್ತಿದೊಡನೆ ಚೀನಾ ದೇಶದ ಯಾತ್ರಿಕನಾದ ಹ್ಯೂಯೆನ್ ತ್ಸಾಂಗನ ಹೆಸರನ್ನೂ ಸೇರಿಸಿ ಹೇಳುವುದು ಕನ್ನಡಿಗರಲ್ಲಿ ವಾಡಿಕೆಯಾಗಿದೆ. ಶಾಲೆಯ ಪಾಠಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಆ ಭಿಕ್ಷುವು ಒಂದೇ ಕಾರ್ಯಕ್ಕಾಗಿ ರಂಗಕ್ಕೆ ಬರುವನು. ಚಾಲುಕ್ಯ ಚಕ್ರವರ್ತಿಯನ್ನು ಹೊಗಳಿ ಮರೆಯಾಗುವನು. ಹನ್ನೆರಡು ಪ್ರಕರಣಗಳ ಗ್ರಂಥದಿಂದ ಒಂದು ಹಾಳೆಯನ್ನು ಮಾತ್ರ ಕಿತ್ತು, ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದಂತಾಗಿದೆ. ಆ ಹಾಳೆಯಲ್ಲಿ ಬರೆದಿರುವುದು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಬರೆದವನು ಯಾರು, ಯಾರ ಸಲುವಾಗಿ ಬರೆದನು, ಅದರ ಹಿಂದುಮುಂದಿನ ಹಾಳೆಗಳಲ್ಲಿ ಏನಿದೆಯೆಂಬುದನ್ನು ವಿಚಾರಿಸದೆ ಹೊಗಳಿಕೆಯನ್ನಷ್ಟೇ ಆರಿಸಿಕೊಳ್ಳುವುದು ವಿಮರ್ಶೆಯ ಮಾರ್ಗವಲ್ಲ.

ಹ್ಯೂಯೆನ್ ತ್ಸಾಂಗನು ಅರಸರ ಆಸ್ಥಾನಗಳನ್ನು ನೋಡಬೇಕೆಂದು ಮನೆ ಬಿಟ್ಟವನಲ್ಲ. ಚೀನೀ ಭಾಷೆಯಲ್ಲಿದ್ದ ಬೌದ್ಧಶಾಸ್ತ್ರಗಳ ಭಾಷಾಂತರಗಳು ಒಂದಕ್ಕೊಂದು ಹೊಂದದಿದ್ದುದರಿಂದ ಮೂಲಗ್ರಂಥಗಳನ್ನು ಅರಸಿಕೊಂಡು, ರಾಜಾಜ್ಞೆಯನ್ನು ಮೀರಿ, ಕಳ್ಳನಂತೆ ಗಡಿಯನ್ನು ದಾಟಿ ಬಂದವನು. ಕ್ರಿ. ಶ. 645 ರಲ್ಲಿ ಹಿಂದಿರುಗಿದಾಗ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳನ್ನು ಹೇರಿಕೊಂಡು ಬಂದನೆಂದು ಆತನ ಚರಿತ್ರೆ ಹೇಳುತ್ತದೆ. ಸಿಂಧೂನದಿಯನ್ನು ದಾಟುವಾಗ ದೋಣಿ ಹೊಯ್ದಾಡಿ ಸುಮಾರು ಐವತ್ತು ಗ್ರಂಥಗಳು ನೀರುಪಾಲಾಗಲು, ಅವುಗಳ ಪ್ರತಿಗಳನ್ನು ಸಂಪಾದಿಸುವವರೆಗೆ ಆತನಿಗೆ ನೆಮ್ಮದಿಯಿರಲಿಲ್ಲ. ಅವನ ಕಣ್ಣೆಲ್ಲ ಪುಸ್ತಕದ ಮೇಲೆ.

ಆದರೆ ‘ಸಿ-ಯು-ಕಿ’ ಎಂಬ ಪ್ರವಾಸಗ್ರಂಥವನ್ನು ಬರೆಯಿಸಿದವನು ಚಕ್ರವರ್ತಿಯಾದ ತಾಯ್‌ತ್ಸುಂಗ್. ಪಶ್ಚಿಮದ ರಾಜ್ಯಗಳ ವಿಸ್ತಾರವೆಷ್ಟು, ಬಲವೆಷ್ಟು, ಜನರ ಸ್ವಭಾವವೇನು ಎಂಬುದು ಅವನಿಗೆ ಬೇಕಾಗಿತ್ತು. 646 ರಲ್ಲಿ ಗ್ರಂಥವು ಅವನಿಗೆ ಒಪ್ಪಿಸಲ್ಪಟ್ಟಿತು. ಆದಕಾರಣ ಪ್ರತಿಯೊಂದು ದೇಶದ ವರ್ಣನೆಯಲ್ಲಿಯೂ ಎರಡು ಪ್ರಶ್ನೆಗಳಿಗೆ ಉತ್ತರವಿರುತ್ತದೆ: ಒಂದು ಚಕ್ರವರ್ತಿಯದು, ಇನ್ನೊಂದು ಭಿಕ್ಷುವಿನದು. ಕನ್ನಡಿಗರು ಇದುವರೆಗೆ ಹೆಚ್ಚಾಗಿ ಓದಿರುವುದು ಚಕ್ರವರ್ತಿಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು.

ಆ ಉತ್ತರವೇನೋ ಸೊಗಸಾಗಿಯೇ ಇದೆ. ‘ಮಹಾರಾಷ್ಟ್ರ’ವೆಂದು ಆತನು ಕರೆದ ಪುಲಕೇಶಿಯ ರಾಜ್ಯದ ಜನರು ಎತ್ತರದವರು, ಅಭಿಮಾನಿಗಳು, ಉಪಕಾರವನ್ನು ಮರೆಯರು, ಅಪಕಾರವನ್ನು ಸೈರಿಸರು, ಹಗೆ ತೀರಿಸಿಕೊಳ್ಳಬೇಕಾದರೂ ಮೊದಲು ಶತ್ರುವಿಗೆ ತಿಳಿಸಿಯೇ ಬರುವರು. ಸೋತ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ, ಹೆಣ್ಣುಡುಗೆಯನ್ನು ಕೊಡುವರು. ಅವನು ಪ್ರಾಣವನ್ನೇ ಬಿಡುವನು. ಯುದ್ಧಕ್ಕೆ ಮುನ್ನ ವೀರರಿಗೂ ಆನೆಗಳಿಗೂ ಮದ್ಯವನ್ನು ಕುಡಿಸುವರು. ಐದು ಭರತಖಂಡಗಳ ಸೈನ್ಯವನ್ನು ಕೂಡಿಸಿ ಹರ್ಷನೇ ನಡೆದು ಬಂದರೂ ಈ ಜನರನ್ನು ಗೆಲ್ಲಲಾಗಲಿಲ್ಲ. ಹರ್ಷನು ಆ ಭಿಕ್ಷುವಿನ ಪೋಷಕ. 643 ರಲ್ಲಿ ಕನೋಜಿನ ಮಹಾಸಭೆಯಲ್ಲಿ ಅವನನ್ನು ಪುರಸ್ಕರಿಸಿದವನು. ಅನ್ನವಿಟ್ಟ ದೊರೆಗೆ ಸೋಲದ ಶತ್ರುವನ್ನು ಮರೆಮಾಚದೆ ಬರೆದ ಲೇಖನಿಯನ್ನು ನಂಬಬಹುದು. ಇದಕ್ಕಿಂತ ಮೊದಲೇ, 634 ರ ಐಹೊಳೆಯ ಶಾಸನದಲ್ಲಿ ಅದೇ ಸಂಗತಿಯನ್ನು ಜೈನ ಕವಿಯಾದ ರವಿಕೀರ್ತಿಯು ಹರ್ಷನ ಹೆಸರಿನ ಮೇಲೆ ಶ್ಲೇಷೆಯಾಡಿ ಹೇಳಿದ್ದನು. ಆಸ್ಥಾನಕವಿಯ ಮಾತು, ಅನ್ಯದೇಶದ ಭಿಕ್ಷುವಿನ ಮಾತು ಎರಡೂ ಹೊಂದುವುದು ಅಪರೂಪ.

ಆದರೆ ಈ ವರ್ಣನೆಯಲ್ಲಿ ಎಲ್ಲವೂ ಹೊಗಳಿಕೆಯೆ? ಕುಡಿದ ಯೋಧನು ದಾರಿಯಲ್ಲಿ ಒಬ್ಬನನ್ನು ಕೊಂದರೂ ದಂಡನೆಯಿಲ್ಲವೆಂದು ಆತನು ಬರೆದಿರುವನು. ಅಹಿಂಸಾವ್ರತಿಯಾದವನು ಇದನ್ನು ಮೆಚ್ಚಿ ಬರೆದನೆಂದು ತಿಳಿಯುವುದು ಕಷ್ಟ. ಭಾಷಣಕಾರರು ಈ ವಾಕ್ಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು. ಹ್ಯೂಯೆನ್ ತ್ಸಾಂಗನು ಬಾದಾಮಿಯನ್ನು ಕಣ್ಣಾರೆ ಕಂಡನೆಂಬುದೂ ಆಧಾರವಿಲ್ಲದ ಮಾತು. ಆತನು ಹೇಳುವ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿಯೊಂದು ಹರಿಯುತ್ತದೆ. ಬಾದಾಮಿಗೆ ಅದು ಹೊಂದುವುದಿಲ್ಲ. ನಾಸಿಕವಿರಬಹುದೆಂದು ಊಹಿಸಿದ ಪಂಡಿತರುಂಟು. ಆತನು ಆ ರಾಜ್ಯದಲ್ಲಿದ್ದುದು ಸುಮಾರು 641 ರಲ್ಲಿ. 642 ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಅಜೇಯರೆಂದು ಬರೆದ ಮಸಿ ಆರುವುದರೊಳಗೆ ರಾಜಧಾನಿಯೇ ಕೈತಪ್ಪಿತ್ತು. ಗ್ರಂಥವು ಇದನ್ನು ಹೇಳುವುದಿಲ್ಲ.

ಆ ಭಿಕ್ಷುವಿನ ಮಾತಿಗೆ ಒಳ್ಳೆಯ ಸಾಕ್ಷಿಯನ್ನು ಬಾದಾಮಿಯ ಅಗಸ್ತ್ಯತೀರ್ಥದ ಬಳಿಯ ಬಂಡೆಯಲ್ಲಿ ಕಾಣಬಹುದು. ಸುಮಾರು 700 ರ ಕಪ್ಪೆ ಅರಭಟ್ಟನ ಶಾಸನವು, ಸಾಧುವಿಗೆ ಸಾಧುವೂ ಮಧುರನಿಗೆ ಮಧುರನೂ ಪೀಡಿಸುವವನಿಗೆ ಕಲಿಯನ್ನೂ ಮೀರಿದವನೂ ಆದ ಒಬ್ಬ ವೀರನನ್ನು ತ್ರಿಪದಿಯಲ್ಲಿ ಚಿತ್ರಿಸಿದೆ. ಅರಭಟ್ಟನು ಯಾರೆಂಬುದು ಈ ಸಂದರ್ಭದಲ್ಲಿ ಮುಖ್ಯವಲ್ಲ. ಪರದೇಶಿಯೊಬ್ಬನು ಜನಸ್ವಭಾವವೆಂದು ಬರೆದುಕೊಂಡುದನ್ನು ಎರಡು ತಲೆಮಾರು ಕಳೆದ ಮೇಲೆ ನಾಡಿನವರೇ ತಮ್ಮ ನುಡಿಯಲ್ಲಿ ಕಲ್ಲಿನ ಮೇಲೆ ಬರೆದಿರುವರು. ಇಂತಹ ಹೋಲಿಕೆಗಳನ್ನು ಹುಡುಕುವುದರಿಂದ ಗ್ರಂಥವು ಜೀವಂತವಾಗುತ್ತದೆ.

ಇನ್ನು ಭಿಕ್ಷುವಿನ ಪ್ರಶ್ನೆಯ ಉತ್ತರ. ದ್ರಾವಿಡದಿಂದ ಹೊರಟು ಮಹಾರಾಷ್ಟ್ರವನ್ನು ಮುಟ್ಟುವುದಕ್ಕೆ ಮೊದಲು ಆತನು ಕೊಂಕಣಪುರವೆಂಬ ದೇಶವನ್ನು ವರ್ಣಿಸುವನು. ಅದನ್ನು ಬನವಾಸಿಯೆಂದು ಕೆಲವರೂ ಆನೆಗೊಂದಿಯೆಂದು ಕನ್ನಿಂಗ್‌ಹ್ಯಾಮನೂ ಊಹಿಸಿದರು, ವಿವಾದವು ತೀರಿಲ್ಲ. ಹೆಸರೇ ನಿಶ್ಚಿತವಲ್ಲ, ಪ್ರವಾಸಗ್ರಂಥದಲ್ಲಿರುವ ಮೊದಲ ಅಕ್ಷರವು ಆತನ ಜೀವನಚರಿತ್ರೆಯಲ್ಲಿ ಇಲ್ಲವಾಗಿದೆ. ಯಾವ ಊರೇ ಆಗಲಿ, ಚಿತ್ರವು ರಮ್ಯವಾಗಿದೆ. ಅಲ್ಲಿಯ ಜನರು ವಿದ್ಯೆಯನ್ನು ಪ್ರೀತಿಸುವವರು, ಗುಣವನ್ನೂ ಪ್ರತಿಭೆಯನ್ನೂ ಗೌರವಿಸುವವರು. ಸುಮಾರು ನೂರು ವಿಹಾರಗಳು, ಹತ್ತು ಸಾವಿರ ಭಿಕ್ಷುಗಳು. ನಗರದ ಉತ್ತರಕ್ಕೆ ಮೂವತ್ತು ಲೀ ಸುತ್ತಳತೆಯ ತಾಳೆಯ ಬನವೊಂದಿದ್ದು, ಅದರ ಎಲೆಗಳು ನೀಳವಾಗಿ, ಅಗಲವಾಗಿ, ಹೊಳಪಾಗಿರುವುದರಿಂದ ಭರತಖಂಡದ ಎಲ್ಲ ದೇಶಗಳವರೂ ಅವುಗಳ ಮೇಲೆಯೇ ಬರೆಯುವರೆಂದು ಆತನು ತಿಳಿಸುವನು.

ದಕ್ಷಿಣದ ಒಂದು ಮೂಲೆಯ ಬನದಿಂದ ಇಡೀ ದೇಶದ ವಿದ್ಯೆಗೆ ಹಾಳೆ ಒದಗುತ್ತಿತ್ತೆಂಬುದು ಎಷ್ಟು ದೊಡ್ಡ ಮಾತು! ಉತ್ಪ್ರೇಕ್ಷೆಯಿರಬಹುದು. ಆದರೆ ಮೂಲಪ್ರತಿಗಳಿಗಾಗಿ ಮರಳುಗಾಡನ್ನು ದಾಟಿ ಬಂದವನಿಗೆ ಆ ಗರಿಯು ಎಷ್ಟು ಬೆಲೆಯುಳ್ಳದ್ದಾಗಿ ಕಂಡಿರಬೇಕು! ಓಲೆಗರಿಯ ಕಟ್ಟನ್ನು ಬಿಚ್ಚಿ, ಮಸಿ ತೊಡೆದು ಓದಿದ ಹಿರಿಯರ ಮನೆಗಳಿಗೆ ಈ ಪುಟವು ಪುಲಕೇಶಿಯ ಪುಟಕ್ಕಿಂತ ಹತ್ತಿರದ್ದು. ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಸುಮಾರು 850 ರ ಕವಿರಾಜಮಾರ್ಗವು ಕನ್ನಡಿಗರನ್ನು ಕೊಂಡಾಡಿತೆಂಬುದನ್ನು ಎಲ್ಲರೂ ಬಲ್ಲರು; ಅದಕ್ಕಿಂತ ಎರಡು ಶತಮಾನ ಮುಂಚೆ, ಪ್ರಾಯಶಃ ಇದೇ ನಾಡಿನ ಜನರನ್ನು ವಿದ್ಯಾಪ್ರಿಯರೆಂದು ಚೀನಾದವನೊಬ್ಬನು ಕರೆದುದನ್ನು ಎಷ್ಟು ಮಂದಿ ಎತ್ತಿ ಹೇಳಿರುವರು?

ಈ ಗ್ರಂಥವು ಪಾಶ್ಚಾತ್ಯರಿಗೆ 1857-58 ರಲ್ಲಿ ಜೂಲಿಯನನ ಫ್ರೆಂಚಿನಿಂದಲೂ 1884 ರಲ್ಲಿ ಬೀಲನ ಇಂಗ್ಲಿಷಿನಿಂದಲೂ ತಿಳಿಯಿತು. ಕನ್ನಡದಲ್ಲಿ ಜಿ. ಪಿ. ರಾಜರತ್ನಂ ಅವರು 1932 ರಲ್ಲಿಯೇ ‘ಚೀನಾದೇಶದ ಬೌದ್ಧಯಾತ್ರಿಕರು’ ಎಂಬ ಪುಸ್ತಕವನ್ನು ಬರೆದರು. ಕನ್ನಡಿಗರಿಗೆ ಪುಸ್ತಕದ ಅಭಾವಕ್ಕಿಂತ ಓದುವ ತಾಳ್ಮೆಯ ಅಭಾವವೇ ಹೆಚ್ಚಾಗಿತ್ತೆನ್ನಬೇಕು.

ಪೂರಿಗಾಲಿಯ ಕಡೆಯ ವಾಚಕರಿಗೆ ಇದೇ ಗ್ರಂಥದ ಕಡೆಯ ಪ್ರಕರಣದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಳವಳ್ಳಿ ತಾಲ್ಲೂಕಿನಲ್ಲಿ ಹಿಪ್ಪುನೇರಳೆಯ ಸೊಪ್ಪು, ಹುಳುವಿನ ಜ್ವರ, ಚಂದ್ರಿಕೆ ಇವುಗಳ ಮಾತು ಮಕ್ಕಳಿಗೂ ತಿಳಿದುದೇ. ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುವನ್ನು ತರಿಸಿದುದನ್ನೂ ಹಿರಿಯರು ಹೇಳುವರು. ಚೀನಾದಿಂದ ಆ ಹುಳು ಮೊದಲು ಗಡಿ ದಾಟಿದ ಬಗೆಯನ್ನು ಹ್ಯೂಯೆನ್ ತ್ಸಾಂಗನು ಖೋತಾನದ ವರ್ಣನೆಯಲ್ಲಿ ಕಥೆಯಾಗಿ ಹೇಳುವನು. ಪೂರ್ವದೇಶದ ರಾಜಕುಮಾರಿಯನ್ನು ಖೋತಾನದ ಅರಸನು ವರಿಸಿ, ಇಲ್ಲಿ ರೇಷ್ಮೆಯಿಲ್ಲ, ಉಡಲು ಬೇಕಾದರೆ ತಾನೇ ತರಲಿ ಎಂದು ದೂತನ ಮೂಲಕ ತಿಳಿಸಿದನಂತೆ. ಅವಳು ಬೀಜವನ್ನೂ ಮೊಟ್ಟೆಯನ್ನೂ ಶಿರೋವೇಷ್ಟನದಲ್ಲಿ ಅಡಗಿಸಿಕೊಂಡಳು. ಗಡಿಯ ಕಾವಲಿನವರು ಎಲ್ಲವನ್ನೂ ಶೋಧಿಸಿ ರಾಜಪುತ್ರಿಯ ತಲೆಯನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿಂದ ಮುಂದೆ ಆ ರಾಣಿಯು ಒಂದು ಶಿಲಾಶಾಸನವನ್ನು ನಿಲ್ಲಿಸಿದಳು. ಹುಳುವನ್ನು ಕೊಲ್ಲಕೂಡದು, ಚಿಟ್ಟೆ ಹಾರಿಹೋದ ಮೇಲೆಯೇ ಗೂಡಿನಿಂದ ನೂಲನ್ನು ತೆಗೆಯಬೇಕೆಂಬುದು ಅದರ ವಿಧಿ. ಗೂಡನ್ನು ಕುದಿನೀರಿಗೆ ಹಾಕಿ ನೂಲೆಳೆಯುವವರು ಆ ವಿಧಿಯನ್ನು ಕೇಳಿ ನಕ್ಕಾರು. ಚಿಟ್ಟೆ ಕೊರೆದು ಹೊರಟ ಗೂಡಿನಿಂದ ಉದ್ದನೆಯ ಎಳೆ ಬಾರದೆಂಬುದನ್ನು ಅವರು ಬಲ್ಲರು. ಭಿಕ್ಷುವಾದರೋ ನಗದೆ, ಆ ರಾಣಿ ಕಟ್ಟಿಸಿದ ವಿಹಾರದಲ್ಲಿ ಇನ್ನೂ ಕೆಲವು ಹಳೆಯ ನೇರಳೆ ಮರಗಳ ಬೊಡ್ಡೆಗಳಿವೆಯೆಂದು ಬರೆದು, ಮುಂದಿನ ದಾರಿಯನ್ನು ಹಿಡಿದನು.