ಗೋಡೆಗೆ ಬಿದ್ದ ಬೆಳಕು

ಗಜೇಂದ್ರಗಡದ ಸಂಬಂಧಿಕರ ಮನೆಗೆ ಹೋಗಿದ್ದ ದಿನವೇ ಅಲ್ಲಿಗೆ ಕೊರಿಯರ್‌ನಲ್ಲಿ ಒಂದು ಪೆಟ್ಟಿಗೆ ಬಂತು. ಕಾಲೇಜು ಓದುವ ಹುಡುಗ ಅದನ್ನು ಕೂಡಲೇ ಬಿಚ್ಚಲಿಲ್ಲ. ಮೊಬೈಲನ್ನು ಡಬ್ಬಿಗಳ ಮೇಲೆ ಒರಗಿಸಿ, ಕ್ಯಾಮೆರಾ ಹಚ್ಚಿ, ಆಮೇಲೆ ಬ್ಲೇಡು ಹಿಡಿದ. ಒಳಗಿದ್ದದ್ದು ಜೋಡಿ ಸ್ಮಾರ್ಟ್ ಲೈಟ್ ಬಾರ್. ಟಿವಿಯ ಎರಡು ಬದಿಗೆ ನಿಲ್ಲಿಸುವ, ಬಣ್ಣ ಬದಲಿಸುವ ದೀಪದ ಪಟ್ಟಿಗಳು. ಮನೆಮಂದಿಯೆಲ್ಲ ಅವನ ಬೆನ್ನ ಹಿಂದೆ ನಿಂತು ಇಣುಕುತ್ತಿದ್ದೆವು. ಅವನು ಮಾತಾಡುತ್ತಿದ್ದುದು ಮಾತ್ರ ನಮ್ಮೊಂದಿಗಲ್ಲ, ಎಲ್ಲೋ ಇರುವ ನೋಡುಗರೊಂದಿಗೆ.

'ಅನ್‌ಬಾಕ್ಸಿಂಗ್' ಎಂಬ ಈ ವೀಡಿಯೊ ಇಂದು ರೋಣ, ನರಗುಂದದ ಹುಡುಗರಿಗೂ ಚಿರಪರಿಚಿತ. ಅದು ತನ್ನನ್ನು ವಿಮರ್ಶೆ ಎಂದು ಕರೆದುಕೊಳ್ಳುತ್ತದೆ. ಆದರೆ ಅದರಲ್ಲಿರುವುದೇನು? ಪೆಟ್ಟಿಗೆಯ ಅಂದ, ವಯರಿನ ಉದ್ದ, ಬಣ್ಣಗಳ ಲೆಕ್ಕ, ಕೊನೆಗೆ ಬೆಲೆ. ಆ ವಸ್ತು ಯಾವ ಮನೆ ಸೇರುತ್ತದೆ, ಅಲ್ಲಿ ಯಾರ್‍ಯಾರಿದ್ದಾರೆ ಎಂಬ ಪ್ರಶ್ನೆಯೇ ಅಲ್ಲಿಲ್ಲ. ವಿಮರ್ಶೆ ಶುರುವಾಗಬೇಕಾದದ್ದು ಪೆಟ್ಟಿಗೆ ಖಾಲಿಯಾದ ಮೇಲೆ.

ಜೋಡಿಸುವ ಕೆಲಸಕ್ಕೆ ಒಂದು ತಾಸು ಹಿಡಿಯಿತು. ಆ್ಯಪ್ ಇಳಿಸಬೇಕು, ಖಾತೆ ತೆರೆಯಬೇಕು, ನೀವಿರುವ ಸ್ಥಳ ತಿಳಿಸಲು ಅನುಮತಿ ಕೊಡಬೇಕು. ಇಂಥ ಹೆಚ್ಚಿನ ದೀಪಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಒಲಿಯುತ್ತವೆ. ಅದು ಗೊತ್ತಿಲ್ಲದೆ ಹುಡುಗ ಮೂರು ಬಾರಿ ಸೋತ. ಕೊನೆಗೆ ದೀಪ ಹತ್ತಿದಾಗ ಗೋಡೆ ನೇರಳೆಯಾಯಿತು, ಹಸಿರಾಯಿತು. ಚೆಂದವೇ ಇತ್ತು, ಸುಳ್ಳೇಕೆ ಹೇಳಲಿ. ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 256 ಹಂತ, ಗುಣಿಸಿದರೆ 1.6 ಕೋಟಿಗೂ ಮಿಕ್ಕಿ ಬಣ್ಣ. ಇದು ಸಾಧ್ಯವಾದದ್ದು ನೀಲಿ ಎಲ್‌ಇಡಿಯಿಂದ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. ಬಡವರ ಮನೆಗೆ ಕಡಿಮೆ ಖರ್ಚಿನ ಬಿಳಿ ಬಲ್ಬು ಬಂದದ್ದೂ ಅದೇ ಸಾಧನೆಯಿಂದ.

ಮೂಲೆಯಲ್ಲಿ ಸೂಜಿ ಹಿಡಿದು ಕುಳಿತಿದ್ದ ಅಜ್ಜಿ ಮಾತ್ರ ಹೇಳಿದರು: "ಗ್ವಾಡಿಗಿ ಬೆಳಕು ಬಿದ್ದೈತಿ, ನನ್ನ ಸೂಜಿಗಿ ಬಿದ್ದಿಲ್ಲ." ಎಲ್ಲರೂ ನಕ್ಕರು. ಅದು ನಗುವ ಮಾತಾಗಿರಲಿಲ್ಲ. ಗಜೇಂದ್ರಗಡ ಕೈಮಗ್ಗದ ಊರು. ಕೆಲಸ ಎಲ್ಲಿದೆಯೋ ಬೆಳಕು ಅಲ್ಲಿರಬೇಕೆಂಬುದು ನೇಕಾರರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಕತ್ತಲೆಯ ಕೋಣೆಯಲ್ಲಿ ಟಿವಿ ನೋಡುವವರ ಕಣ್ಣಿಗೆ ಪರದೆಯ ಹಿಂದಿನ ಮಂದ ಬೆಳಕು ಹಿತವೆನ್ನುವುದು ನಿಜ. ಆದರೆ ಅದು ಪರದೆಗೆ ಮುಖ ಮಾಡಿದವರ ಹಿತ. ಪರಸ್ಪರ ಮುಖ ನೋಡುವವರಿಗೆ, ಓದುವ ಮಗುವಿಗೆ, ಹೊಲಿಯುವ ಕೈಗೆ ಆ ದೀಪ ಬೆನ್ನು ತಿರುಗಿಸಿದೆ.

ಮರುದಿನ ಹುಡುಗ ಗದಗಿಗೆ ಹೋದ. ರಾತ್ರಿ ದೀಪ ಬಣ್ಣ ಬದಲಿಸುತ್ತಲೇ ಇತ್ತು. ಆರಿಸುವುದು ಯಾರಿಗೂ ಬರಲಿಲ್ಲ. ವಯರಿನಲ್ಲೊಂದು ಪುಟ್ಟ ಗುಂಡಿ ಇದೆಯೆಂದು ಅವನು ಯಾರಿಗೂ ಹೇಳಿರಲಿಲ್ಲ. ಅವನ ತಂದೆ ಬೇಸತ್ತು ಪಿನ್ನನ್ನೇ ಕಿತ್ತರು. ಹತ್ತು ನಿಮಿಷಕ್ಕೆ ಫೋನು: "ಪಿನ್ ಯಾರು ತಗದ್ರಿ? ಆ್ಯಪ್‌ನ್ಯಾಗ ಆಫ್‌ಲೈನ್ ತೋರಸಾಕತ್ತೈತಿ!"

ನನಗೆ ತೊಡಕೆನಿಸಿದ್ದು ಇಲ್ಲೇ. ಗೋಡೆಯ ಸ್ವಿಚ್ಚು ಮನೆಮಂದಿಯೆಲ್ಲರದು. ಕೈಗೆಟುಕುವ ಮಗುವಿನಿಂದ ಹಿಡಿದು ಅತಿಥಿಯವರೆಗೆ ಯಾರೂ ಒತ್ತಬಹುದು, ಅನುಮತಿ ಬೇಡ. ಆ್ಯಪ್ ಹಾಗಲ್ಲ, ಅದು ಒಬ್ಬನ ಫೋನಿನಲ್ಲಿ, ಒಬ್ಬನ ಪಾಸ್‌ವರ್ಡಿನ ಹಿಂದೆ ಇರುತ್ತದೆ. ಮನೆಯಲ್ಲಿ ಮೊದಲೇ ಮಾತು ನಡೆಯದವರ ಕೈಯಿಂದ ದೀಪವೂ ಜಾರಿದರೆ ಅದನ್ನು ಪ್ರಗತಿ ಎನ್ನೋಣವೇ? ಆ ಒಬ್ಬನಾದರೂ ಯಜಮಾನನೇ? ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕರೆಂಟು ಹುಟ್ಟುವುದು ಕಣ್ಣೆದುರಿಗೆ; ಆದರೆ ದೀಪ ಹಚ್ಚುವ ಆಜ್ಞೆ ಎಷ್ಟೋ ಮಾದರಿಗಳಲ್ಲಿ ದೂರದ ಕಂಪೆನಿಯ ಸರ್ವರ್ ಸುತ್ತಿ ಬರಬೇಕು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಕಂಪೆನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತಾಗ ಗ್ರಾಹಕರ ಆ್ಯಪ್‌ಗಳು ನಿಷ್ಪ್ರಯೋಜಕವಾದವು. ಬಳಕೆದಾರರ ಗುಂಪೊಂದು ಆ ಕಂಪೆನಿಯನ್ನು ಕೊಂಡ ಮೇಲೆ, ಜೂನ್‌ನಲ್ಲಿ, ಸೇವೆ ಮತ್ತೆ ಆರಂಭವಾಯಿತು. ಅಲ್ಲಿಯತನಕ ಆಸರೆಯಾದದ್ದು ಗೋಡೆಯ ಸ್ವಿಚ್ಚುಗಳೇ.

ಹಾಗೆಂದು ಇವೆಲ್ಲ ಬೇಡವೆನ್ನುತ್ತಿಲ್ಲ. ಹಾಸಿಗೆ ಹಿಡಿದವರು ಎದ್ದು ಹೋಗದೆ ಮಾತಿನಲ್ಲೇ ದೀಪ ಆರಿಸುವುದು ಸಣ್ಣ ಉಪಕಾರವಲ್ಲ. ಕೇಳಬೇಕಾದದ್ದು ಮೂರೇ ಪ್ರಶ್ನೆ. ಬೆಳಕು ಯಾರ ಮೇಲೆ ಬೀಳುತ್ತದೆ? ಅದನ್ನು ಹಚ್ಚಿ ಆರಿಸಬಲ್ಲವರು ಎಷ್ಟು ಮಂದಿ? ಇಂಟರ್‌ನೆಟ್ ಹೋದರೆ ಅದು ಉರಿಯುತ್ತದೆಯೇ? ಯಾವ ಅನ್‌ಬಾಕ್ಸಿಂಗ್ ವೀಡಿಯೊ ಇವಕ್ಕೆ ಉತ್ತರಿಸುತ್ತದೋ ಅದನ್ನು ವಿಮರ್ಶೆ ಎನ್ನಬಹುದು.

ನಾನು ಹೊರಡುವ ದಿನ ಹುಡುಗ ಊರಿಗೆ ಮರಳಿದ್ದ. ಅಜ್ಜಿಯ ಬೆರಳು ಹಿಡಿದು ಆ ಗುಂಡಿ ತೋರಿಸಿದ. ಅವರು ಒತ್ತಿದರು, ಆರಿತು. ಮತ್ತೆ ಒತ್ತಿದರು, ಹತ್ತಿತು. ಆಗ ಮೊಬೈಲು ಅವನ ಜೇಬಿನಲ್ಲಿತ್ತು.